ಸಾಹುಕಾರ್ರಿಗೆ ಸನ್ಮಾನ ಮಾಡಬೇಕಾ ಬೇಡ್ವಾ? ಮಾಡಿ ಕೈಸುಟ್ಟುಕೊಂಡವನ ಉತ್ತರ

ಕೋಟಿ ಕೋಟಿ ಇದ್ದವರು ಊರ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟರೆ ಅದನ್ನೇನು ಹೊಗಳೋದು, ಆದರೂ ಸನ್ಮಾನ ಸಮಿತಿಯಲ್ಲಿ ನನ್ನ ಹೆಸರು ಹಾಕಿದ್ದಾರೆ ಅಂತ ಬರೆದಿದ್ದೀರಿ. ಓದಿ ನಗು ಬಂತು. ಅಂಥದ್ದೇ ಒಂದು ಸಮಿತಿಗೆ ನಾನು ಕಾರ್ಯದರ್ಶಿ ಆಗಿದ್ದೆ.

ನಮ್ಮೂರು ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೆ ಹೋಗೋದಲ್ಲ ಅದು. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿ ಆಗುತ್ತದೆ. ಅದರಿಂದ ಕಲೆ ಬಿದ್ದ ಹಲ್ಲು ನೋಡಿ ಇವರು ಯಾವ ಕಡೆಯವರು ಅಂತ ಹೇಳಬಹುದು, ಹಾಗಿದೆ. 2017ರಲ್ಲಿ ನಮ್ಮೂರವರೇ ಆದ, ಹುಬ್ಬಳ್ಳಿಯಲ್ಲಿ ದೊಡ್ಡ ವ್ಯಾಪಾರ ಇರುವ ಸಾಹುಕಾರ್ರು ಶಾಲೆಯ ಪಕ್ಕ ಶುದ್ಧ ನೀರಿನ ಘಟಕ ಹಾಕಿಸಿಕೊಡ್ತೀನಿ ಅಂದರು. 7 ಲಕ್ಷದ ಕೆಲಸ. ಊರಿಗೆ ಊರೇ ಕುಣಿಯಿತು.

ಈಗ ನನ್ನ ತಪ್ಪಿಗೆ ಬರ್ತೀನಿ. ಸಾಹುಕಾರ್ರಿಗೆ ಕೊಡೋ ಒಪ್ಪಿಗೆ ಪತ್ರವನ್ನು ನಮ್ಮ ಹೆಡ್‌ಮಾಸ್ತರು ಬರೆದಿದ್ದರು. ಅದರ ಕೊನೆಗೆ ಒಂದು ಸಾಲು ಇತ್ತು, ದುರಸ್ತಿ ಖರ್ಚಿನದ್ದು. ಅವರು ವಿಚಾರಿಸಿ ತಿಳಿದುಕೊಂಡಿದ್ದರು. ನೀರು ಶುದ್ಧ ಮಾಡೋ ಆರ್‌ಓ ಯಂತ್ರದ ಜೀವ ಇರೋದು ಮೆಂಬ್ರೇನ್‌ನಲ್ಲಿ, ಅಂದರೆ ನೀರು ಸೋಸೋ ತೆಳು ಪರದೆಯಲ್ಲಿ. ನಮ್ಮಂಥ ಉಪ್ಪು ನೀರಿಗೆ ಅದು ಎರಡು ಮೂರು ವರ್ಷ ಬಂದರೆ ಹೆಚ್ಚು. ಅದರ ಮುಂದಿನ ಫಿಲ್ಟರುಗಳನ್ನು ಇನ್ನೂ ಬೇಗ ಬದಲಿಸಬೇಕು. ಆ ಸಾಲನ್ನು ನಾನು ಹೊಡೆದು ಹಾಕಿದೆ. ಕೆಂಪು ಪೆನ್ನಿನಿಂದ. "ಮಾಸ್ತರ, ಮದುವಿ ಮನ್ಯಾಗ ತಿಥಿ ಖರ್ಚಿನ ಮಾತು ಯಾಕ್ರೀ?" ಅಂದೆ. ಅವರು ಸುಮ್ನಾದರು.

ಮರೆತು ಬಿಟ್ಟದ್ದಲ್ಲ ಇದು. ಗೊತ್ತಿಲ್ಲದೆ ಮಾಡಿದ್ದೂ ಅಲ್ಲ. ನನ್ನದು ಗೊಬ್ಬರದ ಅಂಗಡಿ, ದಿನಾ ಲೆಕ್ಕದಲ್ಲೇ ಬದುಕೋನು. ಒಂದು ಸ್ಪ್ರೇ ಪಂಪ್ ಮಾರಿದರೂ ವಾಷರ್ ಎಲ್ಲಿ ಸಿಗ್ತದೆ ಅಂತ ಗಿರಾಕಿಗೆ ಹೇಳಿ ಕಳಿಸ್ತೀನಿ. ಆದರೆ ಕೊಡೋ ಕೈಗೆ ಲೆಕ್ಕ ಕೇಳಿದರೆ ಅವಮಾನ ಆದೀತು ಅಂದುಕೊಂಡೆ. ಅವರಿಗೆ ಅವಮಾನ ಅಂತ ಆಗ ಹೇಳಿಕೊಂಡಿದ್ದೆ. ನಿಜ ಹೇಳಬೇಕಂದ್ರೆ ನನಗೆ ಅವರ ಪಕ್ಕದ ಖುರ್ಚಿ ಬೇಕಿತ್ತು.

ಸನ್ಮಾನ ಜೋರಾಯ್ತು. ಡೊಳ್ಳು, ಕುಂಭ, ಟ್ರ್ಯಾಕ್ಟರ್ ಮೇಲೆ ಮೆರವಣಿಗೆ. ಹಾವೇರಿಯಿಂದ ಏಲಕ್ಕಿ ಹಾರ ತರಿಸಿದ್ದೆವು. ಫ್ಲೆಕ್ಸ್ ಮೇಲೆ 'ಕಲಿಯುಗದ ಕರ್ಣ' ಅಂತ ಹಾಕಿಸಿದವನು ನಾನೇ. ಮಾನಪತ್ರ ಓದುವಾಗ ಸಾಹುಕಾರ್ರ ಕಣ್ಣು ತುಂಬಿತು. ಎದ್ದು ನಿಂತು ಮೈಕ್ ಹಿಡಿದು, "ನನ್ನ ಊರಿಗೆ ನೀರು ಪುಕ್ಕಟ! ಯಾರೂ ಒಂದ್ ಪೈಸಾ ಕೊಡಬ್ಯಾಡ್ರಿ" ಅಂದುಬಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನೂ ನಾನೇ. 20 ಲೀಟರಿಗೆ 5 ರೂಪಾಯಿ ಹಾಕೋ ನಾಣ್ಯದ ಡಬ್ಬಿ ಅದಾಗಲೇ ಕೂಡಿಸಿ ಆಗಿತ್ತು. ಮರುದಿನ ಬಿಚ್ಚಿಸಿದೆವು. ಅಲ್ಲಿಗೆ ದುರಸ್ತಿಗೆ ಇದ್ದ ಇನ್ನೊಂದು ದಾರಿಯೂ ಮುಚ್ಚಿತು.

ಒಂದೂವರೆ ವರ್ಷ ನಡೆಯಿತು. ಆಮೇಲೆ ನೀರು ಸಣ್ಣಗಾಯ್ತು, ಒಂದು ದಿನ ನಿಂತೇ ಹೋಯ್ತು. ರಿಪೇರಿಯವನು ಬಂದು ನೋಡಿ ಮೆಂಬ್ರೇನ್ ಉಪ್ಪು ಕಟ್ಟಿದೆ, ಪಂಪೂ ಹೋಗಿದೆ, 46 ಸಾವಿರ ಅಂದ. ಪಂಚಾಯ್ತಿಯವರು ಇದು ದಾನಿಗಳದ್ದು, ನಮ್ಮ ಪಟ್ಟಿಯಲ್ಲಿಲ್ಲ ಅಂದರು. ಹೆಣ್ಣುಮಕ್ಕಳು ಖಾಲಿ ಕ್ಯಾನ್ ತಂದು ನನ್ನ ಅಂಗಡಿ ಕಟ್ಟೆ ಮೇಲೆ ಸಾಲಾಗಿ ಇಟ್ಟರು. "ಹಾರ ಹಾಕಿದಾವ್ರು ನೀವ. ನೀರೂ ನೀವ ಬಿಡಸ್ರಿ."

ಹುಬ್ಬಳ್ಳಿಗೆ ಒಂದು ಫೋನ್ ಮಾಡಿದ್ದರೆ ಮುಗೀತಿತ್ತು, ಅಲ್ವಾ? ಐದು ತಿಂಗಳು ಮಾಡಲಿಲ್ಲ. ಕರ್ಣ ಅಂತ ಕರೆದವರಿಗೆ ಪಂಪಿನ ಬಿಲ್ ಕಳಿಸೋದು ಹೇಗೆ? ಮಕ್ಕಳು ಮತ್ತೆ ಬೋರಿನ ನೀರು ಕುಡಿದರು.

ಕೊನೆಗೆ ಹೋದೆ. ಅವರ ಆಫೀಸಿನ ಗಾಜಿನ ಕಪಾಟಿನಲ್ಲಿ ಏಲಕ್ಕಿ ಹಾರ ಹಾಗೇ ಇತ್ತು. ಸಾಹುಕಾರ್ರು ಕೇಳಿಸಿಕೊಂಡು, "ಅಲ್ರೀ, ಕಾಗದದಾಗ ಒಂದ್ ಸಾಲು ಬರದಿದ್ರ ವರ್ಷಾ ಕಳಸ್ತಿದ್ದೆ. ಬಾಯಿಮಾತಿಗೆ ನಮ್ಮ ಅಕೌಂಟೆಂಟ್ ರೊಕ್ಕ ಬಿಡಂಗಿಲ್ಲ. ಈ ವರ್ಷದ್ದೆಲ್ಲಾ ಆಗಲೇ ಬ್ಯಾರೆ ಕಡೆ ಹೋಗೇತಿ" ಅಂದರು. ಯಾಕೆ ಬರೆಯಲಿಲ್ಲ ಅಂತ ಕೇಳಿದರು. ನಾನು ಹಾರ ನೋಡ್ತಾ ಕೂತೆ.

ಅಲ್ಲೇ ಇನ್ನೊಂದು ಗೊತ್ತಾಯ್ತು. ಅದು ಕಂಪನಿಯ ಸಿಎಸ್‌ಆರ್ ರೊಕ್ಕ. 2013ರ ಕಂಪನಿ ಕಾಯ್ದೆ ಪ್ರಕಾರ ವರ್ಷಕ್ಕೆ 5 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಲಾಭ ಮಾಡೋ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಕಾನೂನು ಪಾಲಿಸಿದ್ದಕ್ಕೆ ನಾವು ಕರ್ಣನ ಪಟ್ಟ ಕಟ್ಟಿದ್ದೆವು. ಅದಕ್ಕೆ ನನಗೇನೂ ಸಿಟ್ಟಿಲ್ಲ. ಕಾನೂನಿನಿಂದ ಬಂದರೂ ನೀರು ನೀರೇ.

46 ಸಾವಿರದಲ್ಲಿ 30 ಸಾವಿರ ನನ್ನದು, ಹಂಗಾಮಿಗೆ ಗೊಬ್ಬರ ತರಿಸಲು ಇಟ್ಟದ್ದು. ಉಳಿದದ್ದು ಪಟ್ಟಿ ಎತ್ತಿದೆವು. ನನ್ನ ಹೆಂಡತಿ ಕೇಳಿದಳು, "ನಿಮಗೂ ಒಂದು ಹಾರ ತರಸ್ಲೇನ್ರೀ?"

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಹೊಗಳಿಕೆಗೆ ಅವರು ಅರ್ಹರೋ ಅಲ್ಲವೋ ಅಂತ ಅವರ ಮನಸ್ಸಿನೊಳಗೆ ಹೊಕ್ಕು ನೋಡ್ತಾ ಕೂರಬೇಡಿ. ಹೊಗಳಿಕೆ ಊರಿನ ಕೈಯಲ್ಲಿರೋ ಕೂಲಿ. ಗೌಂಡಿಗೆ ಪೂರ್ತಿ ರೊಕ್ಕ ಮುಂಗಡ ಎಣಿಸಿದರೆ ಗಿಲಾವು ಯಾರು ಮಾಡ್ತಾರೆ? ನಾನು ಎಲ್ಲಾ ಮುಂಗಡ ಕೊಟ್ಟಿದ್ದೆ.

ಹೊಗಳೋದು ತಪ್ಪು ಅಂತಲ್ಲ. ಗದಗಿನ ಪಕ್ಕದ ಲಕ್ಕುಂಡಿಗೆ ಹೋಗಿ ನೋಡಿ. ಅತ್ತಿಮಬ್ಬೆಯನ್ನು ಹೊಗಳಿದ 1007ರ ಶಾಸನ ಇದೆ. ಬಸದಿ ಕಟ್ಟಿಸಿದಳು, ಒಂದು ಕಾವ್ಯದ ಸಾವಿರ ಓಲೆ ಪ್ರತಿ ಮಾಡಿಸಿ ಹಂಚಿದಳು. ಸಾವಿರ ವರ್ಷ ಆದರೂ ದಾನಚಿಂತಾಮಣಿ ಅಂತೀವಿ. ಆದರೆ ನಮ್ಮ ಕಡೆಯ ಹಳೇ ದಾನಶಾಸನಗಳಲ್ಲಿ ಬರೀ ಹೊಗಳಿಕೆ ಇರಲ್ಲ. ಇಷ್ಟು ಮತ್ತರು (ಆಗಿನ ಭೂಮಿ ಅಳತೆ) ಹೊಲ ಬಿಟ್ಟಿದೆ, ಅದರ ಹುಟ್ಟುವಳಿ ದೀಪಕ್ಕೆ, ಊಟಕ್ಕೆ, 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಅಂತ ಬರೆದಿರ್ತದೆ. ಅಂದರೆ ಒಡೆದದ್ದು ಬಿರಿದದ್ದು ರಿಪೇರಿ ಮಾಡಲಿಕ್ಕೆ. ಕೆಡಿಸಿದವನಿಗೆ ಶಾಪವೂ ಅಲ್ಲೇ ಇರ್ತದೆ. ನಾನು ಕೆಂಪು ಪೆನ್ನಲ್ಲಿ ಹೊಡೆದ ಸಾಲು ಅವರಿಗೆ ಕಲ್ಲಿನಲ್ಲಿ ಕೆತ್ತುವಷ್ಟು ಮುಖ್ಯ ಆಗಿತ್ತು.

ಅಮೆರಿಕದ ಕಾರ್ನೆಗಿ ಎರಡೂವರೆ ಸಾವಿರ ಗ್ರಂಥಾಲಯ ಕಟ್ಟಿಸಿದ. ಅವನ ಉಕ್ಕಿನ ಕಾರ್ಖಾನೆಯಲ್ಲಿ ಜನ ದಿನಕ್ಕೆ 12 ತಾಸು ದುಡಿಯುತ್ತಿದ್ದರು, 1892ರಲ್ಲಿ ಮುಷ್ಕರ ನಡೆದು ಹೆಣಗಳೂ ಬಿದ್ದವು. ಅವನನ್ನು ಹೊಗಳೋದು ನನ್ನಿಂದ ಆಗಲ್ಲ. ಆದರೆ ಅವನೊಂದು ಷರತ್ತು ಹಾಕ್ತಿದ್ದ: ಕಟ್ಟಡಕ್ಕೆ ನಾನು ಎಷ್ಟು ಕೊಡ್ತೀನೋ ಅದರ 10% ನಿಮ್ಮ ಊರು ಪ್ರತಿ ವರ್ಷ ಖರ್ಚು ಮಾಡಬೇಕು. ಅದು ವ್ಯವಹಾರ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ನಮ್ಮ ಶಾಲಾ ಮಕ್ಕಳ ಮೊಟ್ಟೆಗೆ ಮೂರು ವರ್ಷಕ್ಕೆ 1,500 ಕೋಟಿ ಒಪ್ಪಿಕೊಂಡಿತು. ಮೊಟ್ಟೆ ದಿನಾ ಖರ್ಚಾಗೋ ವಸ್ತು, ಅದರ ಮೇಲೆ ಹೆಸರು ಕೆತ್ತಿಸಲಿಕ್ಕೆ ಆಗಲ್ಲ. ಅಂಥದ್ದಕ್ಕೆ ಕೊಟ್ಟವರನ್ನು ನಾನು ಬಾಯ್ತುಂಬ ಹೊಗಳ್ತೀನಿ.

ಸಮಿತಿ ಬಿಡಬೇಡಿ. ಒಳಗೇ ಇದ್ದು ಪತ್ರ ನೀವೇ ಬರೀರಿ. ಉದ್ಘಾಟನೆ ದಿನ ಒಂದು ಶಾಲು, ಒಂದು ಕಪ್ ಚಹಾ ಸಾಕು. ಹಾರ, ಮೆರವಣಿಗೆ ಮೂರನೇ ವರ್ಷಕ್ಕೆ ಇಡಿ, ಕೋಣೆ ಸೋರದೆ ನಿಂತಿದ್ದರೆ. ನಮ್ಮಲ್ಲಿ ಈಗ ನಾಣ್ಯದ ಡಬ್ಬಿ ವಾಪಸ್ ಕೂತಿದೆ. ಮಾಸ್ತರು ಆ ಹಳೇ ಕಾಗದ ಹರಿದಿರಲಿಲ್ಲ. ನಾನು ಹೊಡೆದು ಹಾಕಿದ್ದ ಸಾಲು ಇದು, ಘಟಕ ಅನ್ನೋ ಕಡೆ ಕೋಣೆ ಅಂತ ಬದಲಿಸಿ ಬಳಸಿಕೊಳ್ಳಿ:

"ಘಟಕದ ದುರಸ್ತಿ ಮತ್ತು ಬಿಡಿಭಾಗಗಳ ಖರ್ಚಿಗಾಗಿ ದಾನಿಗಳು ಐದು ವರ್ಷ ಪ್ರತಿ ಏಪ್ರಿಲ್‌ನಲ್ಲಿ 25,000 ರೂಪಾಯಿ ಕೊಡತಕ್ಕದ್ದು; ಅದರ ಲೆಕ್ಕವನ್ನು ಸಮಿತಿಯು ಶಾಲೆಯ ಗೋಡೆಯ ಮೇಲೆ ಬರೆಯತಕ್ಕದ್ದು."