ಪ್ರತಿ: ಹೊರಗೆ ಹೋದ ಚೆಂಡು ಎಸೆದವರಿಗೇ ಏಕೆ?

ಬಾಲ್ಟಿಮೋರಿನ ಹೋಮ್‌ವುಡ್ ಮೈದಾನದಲ್ಲಿ ಮಗನ ಜೊತೆ ಕಾಲೇಜು ಲಕ್ರಾಸ್ (ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ) ನೋಡಿದಿರಿ, ಗುರಿ ತಪ್ಪಿ ಗೆರೆ ದಾಟಿದ ಚೆಂಡನ್ನು ಎಸೆದ ತಂಡಕ್ಕೇ ಮತ್ತೆ ಕೊಟ್ಟರು, ಇದೆಂಥ ನ್ಯಾಯ ಎಂದು ಕೇಳಿದ್ದೀರಿ. ಮೊದಲ ಸಲ ನಾನೂ ಹಾಗೆಯೇ ಗೊಣಗಿದ್ದೆ. ಗೋಲಿಗೆ ಎಸೆದ ಚೆಂಡು ಹೊರಬಿದ್ದರೆ, ಆ ಕ್ಷಣದಲ್ಲಿ ಅದಕ್ಕೆ ಯಾರು ಹತ್ತಿರವಿದ್ದರೋ ಅವರ ತಂಡಕ್ಕೆ ಅದು ಸೇರುತ್ತದೆ. ಅದಕ್ಕಾಗಿಯೇ ಗೋಲಿನ ಹಿಂದೆ ಒಬ್ಬ ಹೊಂಚು ಹಾಕಿರುತ್ತಾನೆ. ಎಸೆತ ತಪ್ಪಿದೊಡನೆ ಕೋಲು ಚಾಚಿಕೊಂಡು ಗೆರೆಯತ್ತ ಓಡುವ ಅವನನ್ನು ನೋಡುವುದೇ ಒಂದು ಮಜಾ.

ಚೆಂಡು ಕಾಣಲಿಲ್ಲ ಎಂದಿರಿ. ಮುಷ್ಟಿಯಲ್ಲಿ ಅಡಗುವ ರಬ್ಬರ್ ಉಂಡೆ, ಹೇಗೆ ಕಾಣಬೇಕು? ಕೋಲನ್ನು ಕಿವಿಯ ಪಕ್ಕ ಹಿಡಿದು, ತೊಟ್ಟಿಲಿನಂತೆ ತೂಗುತ್ತಾ ಓಡುವವನನ್ನು ಹುಡುಕಿ. ಚೆಂಡು ಅವನ ಬಲೆಯಲ್ಲಿರುತ್ತದೆ. ಜೊತೆಗೆ 80 ಸೆಕೆಂಡಿನ ಗಡಿಯಾರದ ಮೇಲೂ ಒಂದು ಕಣ್ಣಿರಲಿ. ಅಷ್ಟರೊಳಗೆ ಗೋಲಿಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ.

ಇನ್ನೊಂದು ಮಾತು: ಗೋಲಾದ ಮೇಲೆ ಸಾಮಾನ್ಯವಾಗಿ ಚೆಂಡು ಗೋಲು ಬಿಟ್ಟುಕೊಟ್ಟ ತಂಡಕ್ಕೆ ಸುಮ್ಮನೆ ಸಿಗುವುದಿಲ್ಲ. ಮೈದಾನದ ನಡುವೆ ಇಬ್ಬರು ಬಗ್ಗಿ ಕಿತ್ತಾಡಿ ಪಡೆಯಬೇಕು. ಅದರಲ್ಲಿ ಪಳಗಿದವನೊಬ್ಬನಿದ್ದರೆ ಒಂದೇ ತಂಡ ಸಾಲಾಗಿ ನಾಲ್ಕು ಗೋಲು ಹೊಡೆದುಬಿಡುತ್ತದೆ.

ಮಾರ್ಚ್ ತಿಂಗಳಾದರೆ ಕಂಬಳಿ ಒಯ್ಯಿರಿ, ಅಲ್ಲಿನ ಬೆಂಚುಗಳು ಮಂಜುಗಡ್ಡೆಯಂತಿರುತ್ತವೆ.