ಮಂಗಳೂರಿಗೆ ಶಿಫ್ಟ್ ಆಗ್ತಿದೀವಿ, ತುಳು ಬರಲ್ಲ, ನಮ್ಮ ಕಡೆಯವರು ಜಾಸ್ತಿ ಇರೋ ಏರಿಯಾ ಯಾವುದು?

ಗಂಡನಿಗೆ ದಾವಣಗೆರೆಯಿಂದ ಮಂಗಳೂರಿಗೆ ಟ್ರಾನ್ಸ್‌ಫರ್, ಜೂನ್ ಒಂದಕ್ಕೆ ಮಕ್ಕಳ ಸ್ಕೂಲು, ತುಳು ಬರಲ್ಲ ಅನ್ನೋ ಭಯ, ಅಲ್ಲಿನ ಜನ ಬೆರೀತಾರಾ, ಫೋಟೋ ನೋಡೇ ಅಡ್ವಾನ್ಸ್ ಕೊಡಬಹುದಾ ಅಂತ ಕೇಳಿದೀರ. ಕೊಡಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ದು ಹರಿಹರ. 2018ರ ಫೆಬ್ರವರಿಯಲ್ಲಿ ನಮ್ಮೆಜಮಾನ್ರಿಗೆ ಆರ್ಡರ್ ಬಂತು, ಒಂದು ಭಾನುವಾರ ಬೆಳಗ್ಗೆ ಬಸ್ಸಿಳಿದು ಸಂಜೆಯೊಳಗೆ ನಾಲ್ಕು ಮನೆ ನೋಡಿ ವಾಪಸ್ ಹೋಗೋ ಪ್ಲಾನು. ಕೊಟ್ಟಾರ ಚೌಕಿ ಹತ್ರ ಒಳಗಿನ ಒಂದು ಗಲ್ಲಿಯಲ್ಲಿದ್ದ ನಾಲ್ಕನೇ ಮನೆ ನಂಗೆ ನೋಡಿದ ತಕ್ಷಣ ಹಿಡಿಸಿಬಿಡ್ತು. ಒಂಟಿ ಮನೆ, ಮುಂದೆ ಎರಡು ತೆಂಗಿನಮರ, ಕೆಂಪು ಸಿಮೆಂಟಿನ ನೆಲ, ಬಾಡಿಗೆ ಹನ್ನೆರಡು ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಅಷ್ಟು ಚೆನ್ನಾಗಿರೋ ಮನೆ ಅಷ್ಟು ಕಮ್ಮಿಗೆ ಯಾಕೆ ಸಿಗ್ತಿದೆ ಅಂತ ಒಂದು ಕ್ಷಣ ಅನ್ನಿಸಿತ್ತು, ನಿಜ. ಆದ್ರೆ ಬ್ರೋಕರ್ ಇನ್ನಿಬ್ಬರು ನೋಡ್ಕೊಂಡು ಹೋಗಿದಾರೆ ಅಂದ, ನಾವು ಅಲ್ಲೇ ಹತ್ತು ಸಾವಿರ ಟೋಕನ್ ಕೊಟ್ವಿ.

ನನ್ನ ತಪ್ಪು ನಡೆದಿದ್ದು ಅಲ್ಲಿಂದ ಹೊರಡುವಾಗ, ಗೇಟಿನ ಹತ್ರ. ಪಕ್ಕದ ಮನೆ ಆಂಟಿ ಅವರ ಗೇಟಲ್ಲಿ ನಿಂತಿದ್ರು. ನನ್ನ ನೋಡಿ ನಕ್ಕು "ಮನೆ ನೋಡ್ಲಿಕ್ಕೆ ಬಂದದ್ದಾ?" ಅಂದ್ರು. ಹೂಂ ಅಂತ ತಲೆ ಆಡಿಸಿದೆ, ಅಷ್ಟೇ. ಅವರಿಗೆ ಇನ್ನೇನೋ ಹೇಳೋದಿತ್ತು, ಬಾಯಿ ತೆರೆದಿದ್ರು, ನಾನು ಮುಖ ತಿರುಗಿಸಿ ಆಟೋ ಹತ್ತಿದೆ. ಯಾಕೆ ಅಂದ್ರೆ ಅದಕ್ಕೆ ಸ್ವಲ್ಪ ಮುಂಚೆ ಅವರು ಮನೆಯೊಳಗೆ ಯಾರ ಹತ್ರನೋ ಕೊಂಕಣಿಯಲ್ಲಿ ಮಾತಾಡ್ತಿದ್ದು ಕೇಳಿಸಿತ್ತು, ಬ್ರೋಕರ್ ಫೋನಲ್ಲಿ ತುಳು, ಬಸ್ಸಲ್ಲಿ ಕಂಡಕ್ಟರ್ ತುಳು, ಬೆಳಗ್ಗೆಯಿಂದ ಸುತ್ತಲೂ ನಂಗೆ ಗೊತ್ತಿಲ್ಲದ ಮಾತೇ ಕೇಳಿ ಕೇಳಿ ಈ ಊರಲ್ಲಿ ನಾವು ಹೊರಗಿನವರೇ ಅಂತ ಮನಸ್ಸು ಮುದುಡಿ ಹೋಗಿತ್ತು. ಅವರು ನನ್ನ ಹತ್ರ ಕನ್ನಡದಲ್ಲೇ ಮಾತಾಡಿದ್ರು ಅನ್ನೋದು ಕೂಡ ಆಗ ತಲೆಗೆ ಹೋಗ್ಲಿಲ್ಲ. ಒಂದೈದು ನಿಮಿಷ ಆ ಗೇಟಲ್ಲಿ ನಿಂತಿದ್ರೆ ಸಾಕಿತ್ತು.

ಈಗ ನೀವು ಕೇಳ್ಬಹುದು, ಕಣ್ಣಿಗೆ ಏನೂ ಕಾಣ್ಲಿಲ್ವಾ ಅಂತ. ಎಲ್ಲಾ ಕಾಣ್ತು! ಆಂಟಿ ಮನೆ ಕಂಪೌಂಡ್ ಗೋಡೆಗೆ ಮೊಣಕಾಲೆತ್ತರದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ ಇತ್ತು, ಅದು ಬಣ್ಣ ಹೊಡೆದಿರೋದು ಅಂದ್ಕೊಂಡೆ. ಆ ಗಲ್ಲಿಯ ಹಳೇ ಮನೆಗಳಿಗೆಲ್ಲ ಬಾಗಿಲಿಗೆ ಮೂರು ನಾಲ್ಕು ಮೆಟ್ಟಿಲಿತ್ತು, ನಾವು ನೋಡಿದ ಮನೆಗೆ ಮಾತ್ರ ಒಂದೇ ಮೆಟ್ಟಿಲು, ಅತ್ತೆಗೆ ಮಂಡಿನೋವು ಇರೋದ್ರಿಂದ ಒಳ್ಳೇದೇ ಆಯ್ತು ಅಂದ್ಕೊಂಡೆ. ನೀರಿನ ಪಂಪನ್ನ ನೆಲದ ಮೇಲಿಡದೆ ಎದೆಯೆತ್ತರಕ್ಕೆ ಗೋಡೆಯಲ್ಲಿ ಸ್ಟ್ಯಾಂಡ್ ಹೊಡೆದು ಕೂರಿಸಿದ್ರು, ಮಕ್ಕಳ ಕೈಗೆ ಸಿಗಬಾರದು ಅಂತ ಇರ್ಬೇಕು ಅಂದ್ಕೊಂಡೆ. ಮನೆ ಹಿಂದೆ ಒಣಗಿದ ಒಂದು ಹಳ್ಳದ ಥರ ಇತ್ತು, ಒಳಗೆ ಹುಲ್ಲು ಬೆಳೆದಿತ್ತು. ಅದಕ್ಕೆ ಇಲ್ಲಿ ತೋಡು ಅಂತಾರೆ. ನಮ್ಮೂರಿನ ಕಣ್ಣಿಗೆ ಅದು ಬರೀ ಖಾಲಿ ಜಾಗ. ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆ ನೋಡಿ ಬೆಳೆದ ನಾವು ಮೂರೂವರೆ ಸಾವಿರ ಮಿಲಿಮೀಟರ್ ಸುರಿಯೋ ಊರಿಗೆ ಬಂದು ಫೆಬ್ರವರಿ ಬಿಸಿಲಲ್ಲಿ ಮನೆ ನೋಡಿದ್ರೆ ಅಲ್ಲಿರೋ ಗುರುತುಗಳನ್ನ ಓದೋಕೆ ಬರಲ್ಲ ಕಣ್ರೀ. ಓದೋಕೆ ಬರೋರು ಪಕ್ಕದ ಮನೇಲಿ ಇರ್ತಾರೆ.

ಏಪ್ರಿಲ್‌ನಲ್ಲಿ ಸಾಮಾನು ತಂದು ಹಾಲುಕ್ಕಿಸಿದ್ವಿ. ಆರು ವಾರ ನಾನು ಬಾಗಿಲು ಹಾಕ್ಕೊಂಡೇ ಇದ್ದೆ. ಸೆಕೆಗೆ ಮೈ ಅಂಟಂಟು, ಹರಿಹರದ ಗೆಳತಿಯರ ಜೊತೆ ಫೋನು, ಆಂಟಿ ಕಂಡ್ರೆ ಒಂದು ನಗು. ಅವರೂ ಮತ್ತೆ ಮೇಲೆ ಬಿದ್ದು ಮಾತಾಡಿಸ್ಲಿಲ್ಲ, ನಂಗೆ ಇಷ್ಟ ಇಲ್ಲ ಅಂದ್ಕೊಂಡಿದ್ರಂತೆ.

ಮೇ 29, ಮಂಗಳವಾರ. ಆ ದಿನ ಮಂಗಳೂರಿನವರು ಯಾರನ್ನ ಬೇಕಾದ್ರೂ ಕೇಳಿ, ನೆನಪಿರುತ್ತೆ. ಬೆಳಗ್ಗೆಯಿಂದ ಸುರೀತಾನೇ ಇತ್ತು. ಇವರು ಹಂಪನಕಟ್ಟೆ ಆಫೀಸಲ್ಲಿ, ಮನೇಲಿ ನಾನು, ಅತ್ತೆ, ಮಗಳು. ಅಡುಗೆಮನೆ ಕಡೆಯಿಂದ ಗುಳುಗುಳು ಶಬ್ದ ಬಂತು, ಹೋಗಿ ನೋಡಿದ್ರೆ ಬಚ್ಚಲ ಜಾಲರಿಯಿಂದ ನೀರು ಮೇಲಕ್ಕೆ ಬರ್ತಿದೆ. ಬಟ್ಟೆ ತುರುಕಿದೆ, ಅಷ್ಟರಲ್ಲಿ ಮುಂಬಾಗಿಲಿನ ಸಂದಿಯಿಂದ ಬರೋಕೆ ಶುರುವಾಯ್ತು. ಅರ್ಧ ಗಂಟೆಯಲ್ಲಿ ಮೊಣಕಾಲ ತನಕ ಕೆಂಪು ನೀರು. ಅತ್ತೆನ ಮಂಚದ ಮೇಲೆ ಕೂರಿಸಿ ಫ್ರಿಜ್ ಎತ್ತೋಕೆ ಹೋದೆ, ಒಬ್ಬಳ ಕೈಲಿ ಆಗುತ್ತಾ? ಆಗ ಆಂಟಿ ಮಗ ಸೊಂಟಕ್ಕೆ ಲುಂಗಿ ಕಟ್ಕೊಂಡು ನೀರಲ್ಲೇ ನಡ್ಕೊಂಡು ಬಂದು ಮೊದಲು ಮೇನ್ ಸ್ವಿಚ್ ಆಫ್ ಮಾಡಿದ. ಅದು ನನ್ನ ತಲೆಗೆ ಬಂದೇ ಇರ್ಲಿಲ್ಲ. ನೀರಲ್ಲಿ ನಿಂತು ಕರೆಂಟಿನ ಫ್ರಿಜ್ ಹಿಡ್ಕೊಂಡಿದ್ದೆ ನಾನು. ಈಗ್ಲೂ ರಾತ್ರಿ ಜೋರು ಮಳೆ ಬಂದ್ರೆ ಅದೇ ನೆನಪಾಗೋದು.

ಏನು ಹೋಯ್ತು ಅಂತ ಹೇಳ್ತೀನಿ. ಫ್ರಿಜ್ಜು, ಎರಡು ಹಾಸಿಗೆ, ಪ್ಲೈವುಡ್ ಬೀರು ಉಬ್ಬಿ ಬಾಗಿಲು ಹಾಕೋಕಾಗದ ಹಾಗೆ ಆಯ್ತು. ಊರಿಂದ ತಂದಿದ್ದ ಅರವತ್ತು ಕೇಜಿ ಜೋಳದ ಮೂಟೆ ನೆನೆದು ಎರಡೇ ದಿನಕ್ಕೆ ಹುಳಿ ವಾಸನೆ. ಅದೆಲ್ಲ ಹೋಗ್ಲಿ. ಬೀರುವಿನ ಕೆಳಗಿನ ಖಾನೆಯಲ್ಲಿ ಮಗಳ ಟಿಸಿ ಇತ್ತು, ಇನ್ನು ಮೂರು ದಿನಕ್ಕೆ ಹೊಸ ಸ್ಕೂಲಿಗೆ ಒರಿಜಿನಲ್ ಕೊಡಬೇಕಿತ್ತು, ಶಾಯಿ ಪೂರ್ತಿ ಹರಡಿ ಸೀಲು ಮಾತ್ರ ಉಳಿದಿತ್ತು. ಇವರ ಡಿಗ್ರಿ ಸರ್ಟಿಫಿಕೇಟು ಅದರ ಪಕ್ಕದಲ್ಲೇ. ಆಮೇಲೆ ಅಫಿಡವಿಟ್ಟು, ಹಳೇ ಸ್ಕೂಲಿಗೆ ಎರಡು ಸಲ ಓಡಾಟ, ಡುಪ್ಲಿಕೇಟ್ ಟಿಸಿ ಸಿಗೋ ಹೊತ್ತಿಗೆ ಜುಲೈ. ಕೊನೆಗೆ ಮನೆ ಬಿಡುವಾಗ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಿಲ್ಲ ಅಂತ ಓನರ್ ಎರಡು ತಿಂಗಳ ಬಾಡಿಗೆ ಪ್ಲಸ್ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಹಿಡ್ಕೊಂಡ್ರು. ನೀರು ಬರೋ ವಿಷಯ ಮೊದಲೇ ಯಾಕೆ ಹೇಳ್ಲಿಲ್ಲ ಅಂದ್ರೆ ನೀವು ಕೇಳಿಲ್ಲ ಅಂದ್ರು.

ಆವತ್ತು ರಾತ್ರಿಯಿಂದ ಮೂರು ದಿನ ನಾವು ಇದ್ದಿದ್ದು ಆಂಟಿ ಮನೆ ಮಹಡಿ ಮೇಲೆ. ನಮ್ಮತ್ತೆ ಹೊರಗೆ ಎಲ್ಲೂ ನೀರು ಕೂಡ ಮುಟ್ಟೋರಲ್ಲ. ಆಂಟಿ ಅದನ್ನ ಹೇಗೋ ಅರ್ಥ ಮಾಡ್ಕೊಂಡು, ಮೀನು ಮಾಂಸ ಮುಟ್ಟದ ಹೊಸ ಪಾತ್ರೆ ತೆಗೆದು ಅದ್ರಲ್ಲಿ ಕುಚ್ಚಲಕ್ಕಿ ಗಂಜಿ ಮಾಡಿ, ಹೆಸರುಕಾಳು ಪಲ್ಯ, ಉಪ್ಪಿನಕಾಯಿ ಜೊತೆ ತಂದಿಟ್ರು. ಅತ್ತೆ ಸ್ವಲ್ಪ ಹೊತ್ತು ತಟ್ಟೆ ನೋಡ್ತಾ ಕೂತಿದ್ದು ಆಮೇಲೆ ಉಂಡ್ರು. ಉಂಡಾದ್ಮೇಲೆ ಆಂಟಿ ನಂಗೆ ಹೇಳಿದ್ದು ಇದು: "ಆ ದಿನವೇ ಹೇಳ್ಬೇಕು ಅಂತ ಇದ್ದೆ ನಾನು, ಎರಡು ಮಳೆಗಾಲಕ್ಕೊಮ್ಮೆ ತೋಡು ತುಂಬಿ ನೀರು ಒಳಗೆ ಬರ್ತದೆ ಅಂತ. ನೀವು ನಿಲ್ಲಲೇ ಇಲ್ಲ ಅಲ್ವಾ." ಬೈದಿದ್ದಲ್ಲ, ಬೇಜಾರಲ್ಲಿ ಹೇಳಿದ್ದು. ನಂಗೆ ಅವತ್ತು ಅಳು ತಡೆಯೋಕಾಗ್ಲಿಲ್ಲ.

ಅದಕ್ಕೇ ಹೇಳ್ತಿದೀನಿ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ನಮ್ಮ ಕಡೆಯವರು ಇರೋ ಏರಿಯಾ ಹುಡುಕಬೇಡಿ. ನಮ್ಮ ಕಡೆಯವರಿಗೆ ಈ ನೆಲದ ಬಗ್ಗೆ ನಿಮಗೆ ಗೊತ್ತಿರೋಷ್ಟೇ ಗೊತ್ತಿರುತ್ತೆ. ಮೂವತ್ತು ವರ್ಷದಿಂದ ಅಲ್ಲೇ ಇರೋ ಒಂದು ಮನೆ ಪಕ್ಕದಲ್ಲಿದ್ರೆ ಅದು ಹತ್ತು ಕುಟುಂಬ ನಮ್ಮವರು ಇರೋದಕ್ಕಿಂತ ದೊಡ್ಡದು. ಇನ್ನು ಭಾಷೆ. ಇಲ್ಲಿ ಒಂದೇ ಗಲ್ಲಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮೂರೂ ಇರುತ್ತೆ, ಊರಿಗೇ ಮೂರು ಹೆಸರು, ತುಳುವಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಹೀಗಿರೋದ್ರಿಂದಲೇ ಒಂದು ಮಾತಿಂದ ಇನ್ನೊಂದಕ್ಕೆ ಹೊರಳೋದು ಇಲ್ಲಿನ ಜನಕ್ಕೆ ಕಷ್ಟವೇ ಅಲ್ಲ, ನಿಮ್ಮ ಮುಖ ನೋಡಿದ ಕೂಡ್ಲೇ ಕನ್ನಡಕ್ಕೆ ಬರ್ತಾರೆ, ನಮಗಿಂತ ಬಿಡಿಸಿ ಬಿಡಿಸಿ ಮಾತಾಡ್ತಾರೆ. ತುಳು ತಾನಾಗೇ ಕಿವಿಗೆ ಬೀಳುತ್ತೆ. ನಾನು ಮೊದಲು ಕಲಿತಿದ್ದು ಸಿಟಿ ಬಸ್ಸಲ್ಲಿ, "ದುಂಬು ಪೋಲೆ" ಅಂದ್ರೆ ಮುಂದೆ ಹೋಗಿ. ಆಮೇಲೆ "ಒಣಸ್ ಆಂಡಾ", ಊಟ ಆಯ್ತಾ. ನೀವು ಇದೊಂದು ಕೇಳಿ ಸಾಕು, ಎದುರಿಗಿರೋರ ಮುಖ ಅರಳುತ್ತೆ.

ಮನೆ ಹುಡುಕೋಕೆ ಸರಿಯಾದ ಕಾಲ ಅಂದ್ರೆ ನನ್ನ ಪ್ರಕಾರ ಜುಲೈ, ಅದೂ ಜೋರು ಮಳೆ ಇರೋ ದಿನ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರಿಗೆ ಆಟಿ ತಿಂಗಳು, ಆಗ ಹೊಸ ಮನೆಗೆ ಕಾಲಿಡೋಕೆ ಇಲ್ಲಿನವರು ಒಪ್ಪಲ್ಲ, ಹಾಗಾಗಿ ಖಾಲಿ ಮನೆಗಳು ಖಾಲಿಯೇ ಇರ್ತವೆ. ಕೊಡೆ ಹಿಡ್ಕೊಂಡು ಹೋಗಿ ನೋಡಿ. ಮಳೆ ಗಾಳಿ ಪಡುವಣದಿಂದ ಬರೋದು, ಪಶ್ಚಿಮದ ಗೋಡೆ ಮುಟ್ಟಿ ನೋಡಿ, ಬೆವರಿದ್ರೆ ಆ ರೂಮಲ್ಲಿ ಇಟ್ಟ ಚಪ್ಪಲಿ, ಬೆಲ್ಟು, ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತೆ. ಟೆರೇಸ್ ಮೇಲೆ ಶೀಟ್ ಹಾಕಿಸಿದ್ದಾರಾ ನೋಡಿ. ಜಾಗದ ಹೆಸರೂ ಅಷ್ಟಿಷ್ಟು ಹೇಳುತ್ತೆ, ಬೈಲು ಅಂದ್ರೆ ಹಿಂದೆ ಗದ್ದೆ ಇದ್ದ ತಗ್ಗು, ಪದವು, ಗುಡ್ಡೆ ಅಂದ್ರೆ ಎತ್ತರ. ಹೆಸರೊಂದನ್ನೇ ನಂಬಬೇಡಿ, ಆದ್ರೆ ಬೈಲು ಅಂತ ಕೇಳಿದ ಕೂಡ್ಲೇ ತೋಡು ಎಲ್ಲಿದೆ ಅಂತ ಕೇಳಿ.

ಜೂನ್ ಒಂದಕ್ಕೆ ಸ್ಕೂಲು, ಅಲ್ಲಿ ತನಕ ಕಾಯೋದು ಹೇಗೆ ಅಂತೀರಾ? ಮೂರು ನಾಲ್ಕು ತಿಂಗಳಿಗೆ ಸ್ಕೂಲಿನ ಹತ್ರ ಒಂದನೇ ಮಹಡಿಗೆ ಕಮ್ಮಿ ಇಲ್ಲದ ಹಾಗೆ ಒಂದು ಸಣ್ಣ ಮನೆ ಹಿಡೀರಿ, ಇಕ್ಕಟ್ಟಾದ್ರೂ ಸರಿ. ಪೂರ್ತಿ ಸಾಮಾನು ತರಬೇಡಿ.

ನಾವು ಆ ಅಕ್ಟೋಬರ್‌ಗೆ ಕುಲಶೇಖರದ ಗುಡ್ಡದ ಮೇಲಿನ ಮನೆಗೆ ಬಂದ್ವಿ, ಇವತ್ತಿಗೂ ಇಲ್ಲೇ ಇದೀವಿ. ಈ ಸಲ ಬ್ರೋಕರನ್ನ ಹೊರಗೆ ನಿಲ್ಲಿಸಿ ಅಕ್ಕಪಕ್ಕದ ಮೂರು ಮನೆಗೆ ಹೋದೆ. ಮೂರರಲ್ಲೂ ಬಾಯಾರಿಕೆಗೆ ಕೊಟ್ಟು ಕೂರಿಸಿದ್ರು. ಅಲ್ಲೇ ಗೊತ್ತಾಗಿದ್ದು ಎತ್ತರದ ಮನೆಯ ತೊಂದರೆ ಮಳೆಗಾಲದ್ದಲ್ಲ, ಏಪ್ರಿಲ್ ಮೇ ತಿಂಗಳದ್ದು ಅಂತ. ಬಾವಿ ಇದ್ಯಾ, ಮೇ ಕೊನೆಗೆ ಅದ್ರಲ್ಲಿ ನೀರು ಎಷ್ಟಿರುತ್ತೆ ಅಂತ ಕೇಳಿದೆ. ಮರು ವರ್ಷ, 2019ರ ಬೇಸಿಗೆಯಲ್ಲಿ ತುಂಬೆ ಡ್ಯಾಮಲ್ಲಿ ನೀರು ಇಳಿದು ಕಾರ್ಪೊರೇಷನ್ ನೀರಿಗೆ ರೇಷನಿಂಗ್ ಆಯ್ತು, ನಾವು ಬಾವಿಯಿಂದ ಬಚಾವಾದ್ವಿ.

ಜನ ಬೆರೀತಾರಾ ಅಂತ ಕೇಳಿದ್ರಲ್ಲ. ಆ ಸೆಪ್ಟೆಂಬರ್ 8ಕ್ಕೆ, ಕೊಟ್ಟಾರದ ಮನೆ ಬಿಡೋ ಮೊದಲು, ಆಂಟಿ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ರು. ಇಲ್ಲಿನ ಕ್ಯಾಥೊಲಿಕ್ ಕ್ರೈಸ್ತರಿಗೆ ಅದು ಮೊಂತಿ ಹಬ್ಬ, ಚರ್ಚಲ್ಲಿ ಆಶೀರ್ವಾದ ಮಾಡಿಸಿದ ಭತ್ತದ ಹೊಸ ತೆನೆ ಮನೆಗೆ ತರ್ತಾರೆ, ಅವತ್ತು ಬಾಳೆಲೆ ಮೇಲೆ ಪೂರ್ತಿ ಸಸ್ಯಾಹಾರ. ನಮ್ಮತ್ತೆಗೆ ನಮ್ಮೂರಿನ ಹೊಸ ಬೆಳೆ ಪೂಜೆ ನೆನಪಾಯ್ತಂತೆ, ಆಂಟಿ ಪಕ್ಕದಲ್ಲೇ ಕೂತು ಉಂಡ್ರು. ಇವತ್ತಿಗೂ ಆ ದಿನ ನಾವು ಕುಲಶೇಖರದಿಂದ ಬಸ್ ಹತ್ತಿ ಕೊಟ್ಟಾರಕ್ಕೆ ಹೋಗ್ತೀವಿ, ಸಂಕ್ರಾಂತಿಗೆ ಅವರು ಇಲ್ಲಿಗೆ ಬರ್ತಾರೆ, ಅತ್ತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿ ಕೊಡ್ತಾರೆ.

ಇನ್ನೊಂದು, ಊರಿಂದ ಜೋಳ ತರೋದಾದ್ರೆ ಒಂದು ಸಲಕ್ಕೆ ಹತ್ತು ಕೇಜಿ ಮೇಲೆ ಬೇಡ. ಮೇ ತಿಂಗಳ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಸ್ಟೀಲ್ ಡ್ರಮ್ಮಿಗೆ ಹಾಕಿ, ಹಿಟ್ಟು ಮಾತ್ರ ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಟಿಸಿ, ಸರ್ಟಿಫಿಕೇಟು ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಿನ ಮೇಲಿನ ಖಾನೆಯಲ್ಲಿಡಿ. ಮನೆ ನೋಡೋಕೆ ಬರೋ ದಿನ ತಿಳಿಸಿ, ಭಾನುವಾರ ಆದ್ರೆ ನಾನೂ ಜೊತೆಗೆ ಬರ್ತೀನಿ.