ಫಿಸಿಕ್ಸ್ ಓದಿದ್ರ ಫ್ಯಾಕ್ಟರಿಗೆ ಏನ್ ಬಂತು?

ಪ್ರಶ್ನೆ: ಸರ್, ಮಗ ಧಾರವಾಡಕ್ಕ ಹೋಗಿ ಬಿಎಸ್ಸಿ ಫಿಸಿಕ್ಸ್ ಮಾಡ್ತೀನಿ ಅಂತ ಹಟ ಹಿಡದಾನ. ಮಷಿನ್ ಮಾಡೋರು ಎಂಜಿನಿಯರ್‌ಗಳು, ಬರೀ ಥಿಯರಿ ಓದಿದವರಿಂದ ಇಂಡಸ್ಟ್ರಿಗೆ ಏನ್ ಆಗೇತಿ ಹೇಳ್ರಿ?
- ಓದುಗರು, ಗದಗ

ಉತ್ತರ: ನಿಮ್ಮ ಮಾತು ಅರ್ಧ ಖರೇನ ಐತ್ರಿ. ಜೇಮ್ಸ್ ವಾಟ್ ಸ್ಟೀಮ್ ಎಂಜಿನ್ನಿಗೆ ಪೇಟೆಂಟ್ ತಗೊಂಡಿದ್ದು 1769ರಾಗ, ಅಂಥಾ ಎಂಜಿನ್ನಿಂದ ಹೆಚ್ಚಂದ್ರ ಎಷ್ಟು ಕೆಲಸ ತಗೀಬಹುದು ಅಂತ ಫ್ರಾನ್ಸಿನ ವಿಜ್ಞಾನಿ ಕಾರ್ನೋ ಲೆಕ್ಕ ಹಾಕಿದ್ದು 1824ರಾಗ, ಅಂದ್ರ ಮಷಿನ್ ಮೊದಲು ಫಿಸಿಕ್ಸ್ ಆಮ್ಯಾಲೆ. ಆದ್ರ ಅದೇ ಲೆಕ್ಕಾನ ಮ್ಯೂನಿಕ್‌ನಾಗ ಕ್ಲಾಸಿನೊಳಗ ಕಲ್ತ ರುಡಾಲ್ಫ್ ಡೀಸೆಲ್ ಅದರ ಬೆನ್ನ ಹತ್ತಿ 1897ರಾಗ ತನ್ನ ಎಂಜಿನ್ ಓಡಿಸಿ ತೋರಿಸಿದ, ನಿಮ್ಮ ಕಡೆ ಟ್ರ್ಯಾಕ್ಟರ್ ಓಡೋದು ಅದರ ಮ್ಯಾಲೇನ.

ಕರೆಂಟಿನ ಕಥಿ ಮಾತ್ರ ಪೂರಾ ಉಲ್ಟಾ ನೋಡ್ರಿ. 1831ರಾಗ ಲಂಡನ್ನಿನ್ಯಾಗ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ರಿಂಗಿಗೆ ಎರಡೂ ಬಾಜೂ ಬೇರೆ ಬೇರೆ ತಂತಿ ಸುತ್ತಿದ, ಒಂದಕ್ಕ ಬ್ಯಾಟರಿ, ಇನ್ನೊಂದರ ಕಡೆ ದಿಕ್ಸೂಚಿ ಮುಳ್ಳು. ಕರೆಂಟ್ ಒಂದೇ ಸಮ ಹರಿಯೋವಾಗ ಮುಳ್ಳು ಮಿಸುಕಲೇ ಇಲ್ಲ! ಬ್ಯಾಟರಿ ಜೋಡಿಸಿದ ಕ್ಷಣಕ್ಕ ಒಮ್ಮೆ ಹೊಯ್ದಾಡ್ತು, ಬಿಚ್ಚಿದಾಗ ಮತ್ತೊಮ್ಮೆ ಉಲ್ಟಾ ಹೊಯ್ದಾಡ್ತು. ಅಂದ್ರ ಈ ಕಡೆ ಏನರ ಬದಲಾಗ್ತಿದ್ರ ಮಾತ್ರ ಆ ಕಡೆ ತಂತಿಯೊಳಗ ಕರೆಂಟ್ ಹುಟ್ಟತೈತಿ. ಯಾವ ಮಿಲ್ ಮಾಲಕನೂ ಇದನ್ನ ಹುಡುಕಿಕೊಡು ಅಂತ ಕೇಳಿರಲಿಲ್ಲ. ಈಗ ನಿಮ್ಮ ಹೊಲದ ಬಾಜೂ ಟಿಸಿ, ಅಂದ್ರ ಟ್ರಾನ್ಸ್‌ಫಾರ್ಮರ್ ಐತಲ್ಲ, ಅದರೊಳಗ ಇರೋದೂ ಅಷ್ಟ, ಉಕ್ಕಿನ ಕೋರು, ಬೇರೆ ಬೇರೆ ಎರಡು ತಂತಿ ಸುರುಳಿ, 11 ಸಾವಿರ ವೋಲ್ಟ್ ಒಳಗ ಹೋಗಿ 433 ವೋಲ್ಟ್ ಆಗಿ ಪಂಪ್‌ಸೆಟ್ಟಿಗೆ ಬರತೈತಿ, ಎಸಿ ಕರೆಂಟ್ ಸದಾ ಬದಲಾಗ್ತಾ ಇರ್ತದ ಅಂತ ಇದು ನಡೀತದ, ಬರೀ ಬ್ಯಾಟರಿ ಕರೆಂಟ್ ಕೊಟ್ಟು ನೋಡಿದ್ರ ಆ ಕಡೆ ಏನೂ ಬರೂದಿಲ್ಲ. ಕಪ್ಪತಗುಡ್ಡದ ಮ್ಯಾಲಿನ ಗಾಳಿ ಫ್ಯಾನ್ ಕರೆಂಟ್ ಮಾಡೋದೂ ಇದೇ ನಿಯಮದ ಮ್ಯಾಲೆ.

ಇಂಥಾ ಶೋಧ ಕೆಲಸಕ್ಕ ಬರಾಕ ತಡ ಆಗೋದು ಖರೆ. ಫ್ಯಾರಡೆ 1867ರಾಗ ತೀರಿಕೊಂಡ, ಎಡಿಸನ್ ನ್ಯೂಯಾರ್ಕ್‌ನ್ಯಾಗ ಪವರ್ ಸ್ಟೇಷನ್ ಚಾಲೂ ಮಾಡಿದ್ದು 1882ಕ್ಕ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು 1902ಕ್ಕ. ಹಂಗಂತ ಮಗನ ಪಗಾರದ ಚಿಂತಿ ಸುಳ್ಳಲ್ಲ, ಓದಿಸೋದಾದ್ರ ಎಂಎಸ್ಸಿ ತನಕ ಓದಿಸೋ ತಯಾರಿ ಇಟ್ಕೋರಿ, ಬಿಎಸ್ಸಿಗೇ ನಿಲ್ಲಿಸಿದ್ರ ಕಷ್ಟ.

ಪ್ರಶ್ನೆ: ಟಿಸಿ ಯಾವಾಗ್ಲೂ ಗುಂಯ್ ಅಂತಿರ್ತದಲ್ಲ, ಯಾಕ?
- ಓದುಗರು, ರಾಣೆಬೆನ್ನೂರು

ಉತ್ತರ: ಕೋರಿನ ಉಕ್ಕಿನ ತಗಡು ಮ್ಯಾಗ್ನೆಟ್ ಆದಾಗೊಮ್ಮೆ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ತದ, ನಮ್ಮ 50 ಹರ್ಟ್ಸ್ ಕರೆಂಟಿಗೆ ಇದು ಸೆಕೆಂಡಿಗೆ 100 ಸಲ ಆಗ್ತದ, ಅದ ಆ ಸದ್ದು. ಪಟಪಟ ಸಿಡಿದಂಗ ಕೇಳಿದ್ರ ಮಾತ್ರ ಲೈನ್‌ಮನ್‌ಗೆ ಫೋನ್ ಹಚ್ರಿ, ನೀವಾಗೇ ಕೋಲು ಹಿಡ್ಕೊಂಡು ಹತ್ರ ಹೋಗಬ್ಯಾಡ್ರಿ.